ಗುಬ್ಬಿಯ ಓಟಗಾರ್ತಿ ಸೇನೆಯ ಆಫೀಸರ್ ಆದದ್ದು: ನನ್ನ ಅನುಭವ

ಕಾಲೇಜಿನಲ್ಲಿ ಚೆನ್ನಾಗಿ ಓಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೇನೆಯ ಆಫೀಸರ್ ಆಗಬಹುದು ಅನ್ನೋ ನಂಬಿಕೆ ನಮ್ಮ ತುಮಕೂರು ಕಡೆ ಜಾಸ್ತಿ. ಅದು ಹಾಗಲ್ಲ. ಕ್ರೀಡಾ ಕೋಟಾದಲ್ಲಿ ಸೇರುವವರು ಆಫೀಸರ್‌ಗಿಂತ ಕೆಳಗಿನ ಹವಾಲ್ದಾರ್, ನಾಯಬ್ ಸುಬೇದಾರ್ ದರ್ಜೆಗಳಿಗೆ ಸೇರುತ್ತಾರೆ. ನೀರಜ್ ಚೋಪ್ರಾ 2016ರಲ್ಲಿ ರಜಪುತಾನಾ ರೈಫಲ್ಸ್ ಸೇರಿದ್ದು ನಾಯಬ್ ಸುಬೇದಾರ್ ಆಗಿ. ಅದು ದೇಶಮಟ್ಟದಲ್ಲಿ ಮಿಂಚಿದವರ ದಾರಿ. ಆಫೀಸರ್ ಆಗಬೇಕಾದರೆ ಎಲ್ಲರ ಜೊತೆ ಅದೇ ಪರೀಕ್ಷೆ, ಅದೇ ಸಂದರ್ಶನ. ಮೆಡಲ್‌ಗೆ ಅಂತ ಬೇರೆ ಅಂಕ ಇಲ್ಲ.

ನಾನು 800 ಮೀಟರ್ ಓಡುತ್ತಿದ್ದವಳು. ಈಗ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಮೇಜರ್. ಈ ದಾರಿಯಲ್ಲಿ ಓಟ ಎಲ್ಲೆಲ್ಲಿ ನನ್ನ ಕೈ ಹಿಡಿಯಿತು, ಎಲ್ಲೆಲ್ಲಿ ಅದೊಂದೇ ಸಾಕಾಗಲಿಲ್ಲ ಅನ್ನೋದನ್ನು ಬರೆಯುತ್ತೇನೆ.

ನಮ್ಮದು ಗುಬ್ಬಿ ತಾಲೂಕಿನ ಹಳ್ಳಿ. ಅಪ್ಪನಿಗೆ ಅಡಿಕೆ ತೋಟ, ಸ್ವಲ್ಪ ತೆಂಗು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ತುಮಕೂರಿನ ಹಾಸ್ಟೆಲ್ ಸೇರಿದೆ. ನಾನು ಓಡುವ ಕಾಲಕ್ಕೆ ಸ್ಟೇಡಿಯಂನಲ್ಲಿ ಮಣ್ಣಿನ ಟ್ರ್ಯಾಕ್, ಸುಣ್ಣದ ಗೆರೆ. ಮಳೆ ಬಂದ ಮಾರನೇ ದಿನ ಒಳಗಿನ ಲೇನ್‌ನಲ್ಲಿ ನೀರು ನಿಂತಿರುತ್ತಿತ್ತು. ಬೆಂಗಳೂರಿನ ಕಂಠೀರವದ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಮೊದಲ ಸಲ ಕಾಲಿಟ್ಟಾಗ ನೆಲವೇ ನನ್ನನ್ನು ಮುಂದಕ್ಕೆ ತಳ್ಳಿದ ಹಾಗಾಗಿತ್ತು.

ನಮ್ಮ ಕೋಚ್ ಸರ್‌ಗೆ ಶ್ರೀರಾಮ್ ಸಿಂಗ್ ಅಂದರೆ ಪ್ರಾಣ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಮೊದಲ ಸುತ್ತನ್ನು ಮುನ್ನಡೆಸಿದವರು ರಾಜಸ್ಥಾನದ ಆ ಸೈನಿಕ. ಕ್ಯೂಬಾದ ಹುವಾಂಟೊರೆನಾ ವಿಶ್ವದಾಖಲೆ ಮಾಡಿ ಗೆದ್ದ. ಶ್ರೀರಾಮ್ ಏಳನೆಯವರಾದರು. ಆದರೆ ಅವರ ಸಮಯ 1 ನಿಮಿಷ 45.77 ಸೆಕೆಂಡು. ಆ ರಾಷ್ಟ್ರೀಯ ದಾಖಲೆಯನ್ನು ಮುರಿಯೋಕೆ 2018ರವರೆಗೆ ಯಾರಿಂದಲೂ ಆಗಲಿಲ್ಲ. ಮುರಿದ ಜಿನ್ಸನ್ ಜಾನ್ಸನ್ ಕೂಡ ಸೇನೆಯವರೇ. ಸರ್ ಈ ಕಥೆ ಹೇಳುತ್ತಿದ್ದದ್ದು ಸೇನೆ ಸೇರಿ ಅನ್ನೋಕಲ್ಲ, ಮೊದಲ ಸುತ್ತಿಗೆ ಹೆದರಬೇಡಿ ಅನ್ನೋಕೆ. ನನ್ನ ತಲೆಯಲ್ಲಿ ಮಾತ್ರ ಸೇನೆಯೇ ಉಳಿಯಿತು.

800 ಮೀಟರ್ ವಿಚಿತ್ರವಾದ ಓಟ. ಪೂರ್ತಿ ಸ್ಪ್ರಿಂಟ್ ಅಲ್ಲ, ದೂರದ ಓಟವೂ ಅಲ್ಲ. ಮೊದಲ ತಿರುವಿನವರೆಗೆ ಅವರವರ ಲೇನ್, ಆಮೇಲೆ ಎಲ್ಲರೂ ಒಳಕ್ಕೆ ನುಗ್ಗುತ್ತಾರೆ. ಮೊಣಕೈ ತಾಗುತ್ತೆ, ಸ್ಪೈಕ್ಸ್ ಕಾಲಿಗೆ ಗೀರುತ್ತೆ. ಸಾಮಾನ್ಯವಾಗಿ ಎರಡನೇ ಸುತ್ತಿಗಿಂತ ಮೊದಲ ಸುತ್ತು ಒಂದೆರಡು ಸೆಕೆಂಡು ವೇಗವಾಗಿರುತ್ತೆ. 600 ಮೀಟರ್ ದಾಟಿದ ಮೇಲೆ ತೊಡೆ ಕಲ್ಲಾಗುತ್ತೆ, ಆದರೂ ನಿರ್ಧಾರ ಮಾಡಬೇಕಾದದ್ದು ಅಲ್ಲೇ. ಹೊರಗಿನಿಂದ ಹಾದು ಹೋಗಬೇಕಾ, ಕಾಯಬೇಕಾ? ಉಸಿರು ಕಟ್ಟಿದ ಹೊತ್ತಲ್ಲಿ ತಲೆ ಓಡಿಸೋದನ್ನು ನನಗೆ ಕಲಿಸಿದ್ದು ಆ ಕೊನೆಯ 200 ಮೀಟರ್. ಮುಂದೆ ಸೇನೆಯಲ್ಲಿ ಅದು ಮೆಡಲ್‌ಗಳಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸಕ್ಕೆ ಬಂತು.

ಭಾನುವಾರಗಳಲ್ಲಿ ನಾಮದ ಚಿಲುಮೆ ಕಡೆಯಿಂದ ದೇವರಾಯನದುರ್ಗದ ಏರು ಹತ್ತುತ್ತಿದ್ದೆವು. ಕರಡಿ, ಚಿರತೆ ಇರುವ ಕಾಡು. ಬೆಳಕು ಹರಿಯುವ ಮುಂಚೆ ಸರ್ ಯಾರನ್ನೂ ಬಿಡುತ್ತಿರಲಿಲ್ಲ, ಒಬ್ಬೊಬ್ಬರೇ ಹೋಗೋದಂತೂ ಸಾಧ್ಯವೇ ಇರಲಿಲ್ಲ. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಆ ಏರು ಕೊಟ್ಟ ಕಾಲಿನ ಬಲ ಇವತ್ತಿಗೂ ನನ್ನ ಜೊತೆಗಿದೆ.

ಎರಡನೇ ವರ್ಷದ ಡಿಗ್ರಿಯಲ್ಲಿ ನನ್ನ ಟೈಮಿಂಗ್ ಇದ್ದಲ್ಲೇ ನಿಂತುಬಿಟ್ಟಿತು. ಎಷ್ಟು ಕಷ್ಟಪಟ್ಟರೂ ಅಷ್ಟೇ. ಮೆಟ್ಟಿಲು ಹತ್ತಿದರೂ ಸುಸ್ತು. ಸರ್ ಕೇಳಿದ್ದು ಒಂದೇ ಮಾತು: "ರಕ್ತ ಪರೀಕ್ಷೆ ಮಾಡಿಸಿದ್ಯೇನಮ್ಮ?" ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ಹೆಣ್ಣುಮಕ್ಕಳಿಗೆ ಡೆಸಿಲೀಟರ್‌ಗೆ 12 ಗ್ರಾಂ ಆದರೂ ಇರಬೇಕು. ದೂರ ಓಡುವ ಹುಡುಗಿಯರಲ್ಲಿ ಇದು ತುಂಬಾ ಸಾಮಾನ್ಯ. ತಿಂಗಳ ಮುಟ್ಟು, ಓಟದ ಪೆಟ್ಟು, ಹಾಸ್ಟೆಲ್ ಊಟ, ಮೂರೂ ಸೇರಿ ಕಬ್ಬಿಣದ ಅಂಶ ಸೋರಿಹೋಗುತ್ತೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ನುಂಗಿದೆ, ನುಗ್ಗೆಸೊಪ್ಪು, ಕಾಳು, ಮೊಟ್ಟೆ ತಿಂದೆ. ಊಟದ ಜೊತೆ ನಿಂಬೆಹಣ್ಣು, ಊಟದ ಹಿಂದೆ ಮುಂದೆ ಕಾಫಿ ಬಂದ್. ಕೆಲವು ತಿಂಗಳಲ್ಲಿ ಕಾಲು ತಿರುಗಿ ನನ್ನ ಮಾತು ಕೇಳತೊಡಗಿತು. ಇದನ್ನು ಇಷ್ಟು ಉದ್ದಕ್ಕೆ ಬರೆಯೋಕೆ ಕಾರಣ ಇದೆ. ಸೇನೆಯ ಮೆಡಿಕಲ್‌ನಲ್ಲಿ ರಕ್ತ ಪರೀಕ್ಷೆಯೂ ಇರುತ್ತೆ. ಕಷ್ಟಪಟ್ಟು ಆಯ್ಕೆಯಾಗಿ, ರಕ್ತ ಕಡಿಮೆ ಅಂತ ಅಲ್ಲಿ ಸಿಕ್ಕಿಹಾಕಿಕೊಂಡ ಹುಡುಗಿಯರನ್ನು ನೋಡಿದ್ದೇನೆ.

ಓಟದ ಜೊತೆ ಎನ್‌ಸಿಸಿ ಇತ್ತು. 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ 'ಬಿ' ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನಕ್ಕೆ (ಸೇನೆಯ ಆಫೀಸರ್‌ಗಳನ್ನು ಆರಿಸುವ ಮಂಡಳಿ ನಡೆಸೋದು) ಹೋಗಬಹುದು. ಆದರೆ ಆ ದಾರಿಯಲ್ಲಿ ಹುಡುಗಿಯರಿಗೆ ಇರುವ ಸೀಟು ಬೆರಳೆಣಿಕೆಯಷ್ಟು. ಆದ್ದರಿಂದ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಅನ್ನೋ, ಸೇನೆಯ ಆಫೀಸರ್ ಆಯ್ಕೆಯ ಲಿಖಿತ ಪರೀಕ್ಷೆಯನ್ನೂ ಬರೆದೆ. ಆಫೀಸರ್ ತರಬೇತಿ ಕೊಡುವ ಚೆನ್ನೈ ಅಕಾಡೆಮಿಗೆ ಬರೆಯುವವರಿಗೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ, ಎರಡೇ ಪತ್ರಿಕೆ, ತಲಾ 100 ಅಂಕ. ಗಣಿತ ಇಲ್ಲ. ಇದು ಗೊತ್ತಿಲ್ಲದೆ ಲೆಕ್ಕಕ್ಕೆ ಹೆದರಿ ಅರ್ಜಿಯನ್ನೇ ಹಾಕದವರು ನಮ್ಮ ಹಾಸ್ಟೆಲ್‌ನಲ್ಲೇ ಇದ್ದರು.

ಎಸ್‌ಎಸ್‌ಬಿ ಬೆಂಗಳೂರಿನ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರ್‌ನಲ್ಲಿ. ಐದು ದಿನ. ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಜನ ವಾಪಸ್. ಒಂದು ಮಸುಕು ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ. ಅದರ ಮೇಲೆ ಕಥೆ ಬರೆದು, ಎಲ್ಲರೆದುರು ಹೇಳಿ, ಗುಂಪಿನಲ್ಲಿ ಚರ್ಚೆ ಮಾಡಬೇಕು. ಎನ್‌ಸಿಸಿ ದಾರಿಯಲ್ಲಿ ಹೋದಾಗ ನಾನು ಈ ಹಂತದಲ್ಲೇ ಊರ ಬಸ್ ಹತ್ತಿದ್ದೆ. ಮುಂದಿನ ಸಲಕ್ಕೆ ತಯಾರಿ ಮಾಡಿದ ರೀತಿ ಸರಳ. ರೂಮ್‌ಮೇಟ್ ಎದುರು ದಿನಾ ಪೇಪರ್‌ನ ಒಂದು ಸುದ್ದಿಯನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳೋದು. ಸಣ್ಣ ವಾಕ್ಯ, ತಡವರಿಸಿದರೂ ನಿಲ್ಲಿಸಬಾರದು. ಚಂದದ ಇಂಗ್ಲಿಷ್ ಅವರಿಗೆ ಬೇಕಿಲ್ಲ, ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳಿದರೆ ಸಾಕು.

ಎರಡನೇ ದಿನ ಮನಶ್ಶಾಸ್ತ್ರದ ಪರೀಕ್ಷೆಗಳು. 60 ಪದ ತೋರಿಸುತ್ತಾರೆ, ಒಂದೊಂದಕ್ಕೆ 15 ಸೆಕೆಂಡು, ಹೊಳೆದದ್ದನ್ನು ಬರೆಯಬೇಕು. 60 ಸನ್ನಿವೇಶಗಳಿಗೆ 30 ನಿಮಿಷ. ಬಾಯಿಪಾಠದ ಉತ್ತರಕ್ಕೆ ಅಲ್ಲಿ ಪುರುಸೊತ್ತೇ ಇರಲ್ಲ. ನಾವು ಇದ್ದ ಹಾಗೇ ಹೊರಗೆ ಬರುತ್ತೇವೆ.

ಗ್ರೌಂಡ್‌ಗೆ ಬಂದಾಗ ನನ್ನ ಜಾಗ ಬಂತು ಅಂದುಕೊಂಡೆ. ಒಬ್ಬೊಬ್ಬರೇ ಮಾಡುವ ಅಡೆತಡೆಗಳಲ್ಲಿ ಅದು ನಿಜವೇ. ಮೂರು ನಿಮಿಷ, ಹತ್ತು ಅಡೆತಡೆ, ಕಾಲು ತಾನಾಗಿ ಓಡುತ್ತೆ. ಆದರೆ ಅಂಕಕ್ಕೆ ಅದೊಂದು ಸಣ್ಣ ಭಾಗ. ಗುಂಪಿನ ಓಟವೇ ಬೇರೆ. ಹಾವಿನ ಹಾಗೆ ಉದ್ದಕ್ಕೆ ಸುತ್ತಿದ ಒಂದು ಭಾರವನ್ನು ಎಲ್ಲರೂ ಸೇರಿ ಹೊತ್ತುಕೊಂಡು ಗೋಡೆ ಹತ್ತಬೇಕು, ಕಂಬ ದಾಟಬೇಕು. ನಾನು ಮೊದಲು ದಾಟಿ ನಿಂತರೆ ಏನು ಬಂತು? ಕೊನೆಯವಳು ದಾಟುವ ತನಕ ಗುಂಪು ದಾಟಿದ ಹಾಗಲ್ಲ. ನಮ್ಮಲ್ಲಿ ಒಬ್ಬಳಿಗೆ ಎತ್ತರದ ಗೋಡೆ ಹತ್ತೋಕಾಗುತ್ತಿರಲಿಲ್ಲ. ಅವಳನ್ನು ಹೆಗಲ ಮೇಲೆ ಹತ್ತಿಸಿಕೊಂಡು ನಾನು ಹಿಂದೆ ಉಳಿದೆ. ವರ್ಷಗಟ್ಟಲೆ ಮುಂದೆ ಓಡೋದನ್ನೇ ಕಲಿತವಳು, ಹಿಂದೆ ನಿಂತು ಓಡಿಸುವ ಕೆಲಸ ಅಲ್ಲಿಂದ ಶುರು ಮಾಡಿದೆ. ನನ್ನ ವೃತ್ತಿಯೆಲ್ಲ ಇದೇ ಕೆಲಸ ಅಂತ ಈಗ ಅನ್ನಿಸುತ್ತೆ.

ಸಂದರ್ಶನದಲ್ಲಿ ನಮ್ಮ ಜಿಲ್ಲೆಗೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದರು. ಅಡಿಕೆ ಬೆಳೆಗಾರನ ಮಗಳಿಗೆ ಹೇಮಾವತಿ ನಾಲೆಯ ಬಗ್ಗೆ ಹೇಳಿಕೊಡಬೇಕಾ? ಗೊರೂರಿನಿಂದ ಶುರು ಮಾಡಿ ನಮ್ಮ ತೋಟದ ಬೋರ್‌ವೆಲ್‌ವರೆಗೆ ಹೇಳಿದೆ. ಊರಿನ ಬಗ್ಗೆ, ಅಪ್ಪನ ಕಸುಬಿನ ಬಗ್ಗೆ ಚೆನ್ನಾಗಿ ತಿಳಿದಿರಿ. ಹಳ್ಳಿಯವರು ಅಂತ ಹಿಂಜರಿಯೋಕೆ ಅಲ್ಲಿ ಕಾರಣವೇ ಇಲ್ಲ.

ಮೆಡಿಕಲ್‌ನಲ್ಲಿ ನಾಡಿ ನೋಡಿದ ಡಾಕ್ಟರ್ "ಓಡ್ತೀಯಾ?" ಅಂತ ಕೇಳಿದರು. ಓಟಗಾರರ ನಾಡಿ ಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇರೋದು ಸಹಜ. ಇಸಿಜಿ ನೋಡಿ ಸಹಿ ಹಾಕಿದರು.

ಸೇರುವ ಪತ್ರ ಬಂದಾಗ ಅಪ್ಪನ ಮೊದಲ ಮಾತು, "ಫೀಸ್ ಎಷ್ಟಂತೆ ಮಗಾ?" ಫೀಸ್ ಇಲ್ಲಪ್ಪ, ತರಬೇತಿಯಲ್ಲಿ ಅವರೇ ತಿಂಗಳಿಗೆ 56,100 ರೂಪಾಯಿ ಕೊಡ್ತಾರೆ ಅಂದೆ. ನಂಬದೆ ಪತ್ರವನ್ನು ಸ್ಕೂಲ್ ಮೇಷ್ಟ್ರ ಹತ್ತಿರ ಓದಿಸಿಕೊಂಡು ಬಂದರು. ಅವ್ವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಇರೋದು ಸೇಂಟ್ ಥಾಮಸ್ ಮೌಂಟ್‌ನಲ್ಲಿ. 1963ರಲ್ಲಿ ಶುರುವಾದದ್ದು, 1992ರಿಂದ ಹೆಣ್ಣುಮಕ್ಕಳಿಗೂ ತರಬೇತಿ ಕೊಡುತ್ತಿದೆ. 49 ವಾರ. ಬೆವರು ಆರದ ಆ ಸೆಕೆಯಲ್ಲಿ ಬೆನ್ನಿಗೆ ಪ್ಯಾಕ್, ಕಾಲಿಗೆ ಬೂಟು, ಕೈಯಲ್ಲಿ ಸುಮಾರು 4 ಕಿಲೋದ ಇನ್ಸಾಸ್ ರೈಫಲ್ ಹಿಡಿದು 5 ಕಿಲೋಮೀಟರ್ ಓಡಬೇಕು. ಸ್ಪೈಕ್ಸ್ ಹಾಕಿ ಓಡುವ ಶೈಲಿ ಇಲ್ಲಿ ನಡೆಯಲ್ಲ. ಮುಂಗಾಲಲ್ಲಿ ಓಡಿದರೆ ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತೆ. ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ, ಪ್ಯಾಕ್ ಅಲುಗದ ಹಾಗೆ ಬಿಗಿದು ಓಡೋದನ್ನು ಹೊಸದಾಗಿ ಕಲಿತೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ಮುಂದಿನ ಬ್ಯಾಚ್‌ಗೆ ಜಾರಿದವರು ಇದ್ದರು. ನೋವನ್ನು ಮುಚ್ಚಿಡಬಾರದು, ಬೇಗ ಡಾಕ್ಟರ್‌ಗೆ ತೋರಿಸಬೇಕು.

ಹಗ್ಗ ಹತ್ತೋದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. 800 ಮೀಟರ್ ಓಟಗಾರ್ತಿಗೆ ತೋಳಿನ ಬಲ ಎಲ್ಲಿಂದ ಬರಬೇಕು? ಎರಡು ಪಾದದ ನಡುವೆ ಹಗ್ಗ ಸಿಕ್ಕಿಸಿ ಕಾಲಿನಿಂದ ಮೇಲಕ್ಕೆ ಒತ್ತುವ ಉಪಾಯವನ್ನು ನನಗೆ ಕಲಿಸಿದವಳು ಓಟದಲ್ಲಿ ನನಗಿಂತ ತುಂಬಾ ಹಿಂದಿದ್ದ ಮಣಿಪುರದ ಹುಡುಗಿ. ಕ್ರಾಸ್ ಕಂಟ್ರಿಯಲ್ಲಿ ಇಡೀ ಕಂಪನಿಯ, ಅಂದರೆ ನಮ್ಮ ತರಬೇತಿ ಗುಂಪಿನ, ಓಟಕ್ಕೆ ಅಂಕ. ಬೆಳಿಗ್ಗೆ ನಾನು ಅವಳ ಪಕ್ಕ ಓಡುತ್ತಿದ್ದೆ, ಸಂಜೆ ಅವಳು ನನ್ನ ಹಗ್ಗದ ಕೆಳಗೆ ನಿಲ್ಲುತ್ತಿದ್ದಳು. ಪರಮವೀರ ಚಕ್ರ ಪಡೆದ ಮೇಜರ್ ಪರಮೇಶ್ವರನ್ ಹೆಸರಿನ ಡ್ರಿಲ್ ಸ್ಕ್ವೇರ್‌ನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಡೆದು ಲೆಫ್ಟಿನೆಂಟ್ ಆದೆವು. ಭುಜಕ್ಕೆ ಸ್ಟಾರ್ ಹಚ್ಚೋಕೆ ಅಪ್ಪ, ಅವ್ವ ಬಂದಿದ್ದರು. ಅಪ್ಪ ಅಳೋದನ್ನು ನೋಡಿದ್ದು ಅವತ್ತೇ ಮೊದಲು.

ಆರ್ಮಿ ಸರ್ವಿಸ್ ಕೋರ್‌ನ ಕೆಲಸ ಸಿನಿಮಾದಲ್ಲಿ ಬರಲ್ಲ. ಅಕ್ಕಿ, ಹಿಟ್ಟು, ಸೀಮೆಎಣ್ಣೆ, ಡೀಸೆಲ್, ಸೈನಿಕನಿಗೆ ಬೇಕಾದದ್ದನ್ನು ಅವನಿರುವ ಜಾಗಕ್ಕೆ ಮುಟ್ಟಿಸೋದು ನಮ್ಮ ಹೊಣೆ. ಲಡಾಖ್‌ಗೆ ಹೋದ ಮೇಲೆ ಇದರ ತೂಕ ಗೊತ್ತಾಯಿತು. ಚಳಿಗಾಲದಲ್ಲಿ ಹಿಮ ಬಿದ್ದು 11,500 ಅಡಿಗೂ ಎತ್ತರದ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ದಾರಿ ಮುಚ್ಚುತ್ತೆ. ಅದು ಮುಚ್ಚೋದರೊಳಗೆ ಚಳಿಗಾಲಕ್ಕೆ ಬೇಕಾದ ಸಾಮಾನೆಲ್ಲ ಮೇಲೆ ಸೇರಬೇಕು. ಬೇಸಿಗೆಯುದ್ದಕ್ಕೂ ಲಾರಿಗಳ ಸಾಲು.

ಅಲ್ಲಿ ಹೊಸದಾಗಿ ಬರುವ ಕ್ರೀಡಾಪಟುಗಳಿಗೆ ಒಂದು ಮಾತು. ಲೇಹ್ ಸುಮಾರು 11,500 ಅಡಿ ಎತ್ತರ. ಎಷ್ಟೇ ಗಟ್ಟಿ ಎದೆಯವರಿಗೂ ಅಲ್ಲಿ ಮೊದಲ ಹಂತದ ಹೊಂದಾಣಿಕೆಗೆ ಆರು ದಿನ ಕಡ್ಡಾಯ, ಮೊದಲೆರಡು ದಿನ ಬರೀ ವಿಶ್ರಾಂತಿ. ಇನ್ನೂ ಮೇಲೆ ಹೋದರೆ ಹಂತಕ್ಕೆ ನಾಲ್ಕು ದಿನ. ಕೆಳಗೆ ಚೆನ್ನಾಗಿ ಓಡುವವರಿಗೇ ಇಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಅವರಿಗೆ ಸುಮ್ನೆ ಕೂರೋಕೆ ಆಗಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಜೀವಕ್ಕೇ ಕುತ್ತು. ನಾನು ರೂಮಿನಲ್ಲಿ ಕೂತು ನೀರು ಕುಡಿಯುತ್ತಾ ಪುಸ್ತಕ ಓದಿದೆ.

ಲಾರಿ ಸಾಲಿನ ವೇಗ ಅಂದರೆ ಅತಿ ನಿಧಾನದ ಲಾರಿಯ ವೇಗ. ಬೆಳಗಾಗುವ ಮುಂಚೆ ಹೊರಡಬೇಕು, ಹಿಮದಲ್ಲಿ ಟೈರ್‌ಗೆ ಸರಪಳಿ ಕಟ್ಟಬೇಕು. ನನ್ನ ಸುಬೇದಾರ್ ಸಾಹೇಬರು ಹಿಮಾಚಲದವರು, ನನ್ನ ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಹೊಸದರಲ್ಲಿ ನಾನು ಮುಂದಿನ ಗಾಡಿಯಲ್ಲಿ ಕೂರೋಕೆ ಹೊರಟಾಗ, "ಮೇಡಂ, ಕೆಟ್ಟು ನಿಲ್ಲೋ ಗಾಡಿ ಯಾವತ್ತೂ ಹಿಂದಿರುತ್ತೆ," ಅಂದರು ಹಿಂದಿಯಲ್ಲಿ. ಅವತ್ತಿಂದ ದಿನ ಬಿಟ್ಟು ದಿನ ಕೊನೆಯ ಗಾಡಿ ನನ್ನದಾಯಿತು. ಡ್ರೈವರ್‌ಗಳ ಮನೆ ಕಷ್ಟ, ಸಾಲ, ಮಗುವಿನ ಜ್ವರ, ಎಲ್ಲ ತಿಳಿದದ್ದು ಅಲ್ಲೇ.

ನಾನು ಸೇರಿದಾಗ ನಮ್ಮ ಕೋರ್‌ನಲ್ಲಿ ಹೆಂಗಸರಿಗೆ ಶಾರ್ಟ್ ಸರ್ವಿಸ್ ಮಾತ್ರ, 10 ವರ್ಷ, ಬೇಕಾದರೆ ಇನ್ನೂ 4. 2020ರ ಫೆಬ್ರುವರಿ 17ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಮಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಸೇವೆ) ಮತ್ತು ಕಮಾಂಡ್ ಹುದ್ದೆಯ ಬಾಗಿಲು ತೆರೆಯಿತು. ಈಗ ಸೇರುವ ಹುಡುಗಿ ಪೂರ್ತಿ ಜೀವನದ ಲೆಕ್ಕ ಹಾಕಿಯೇ ಸೇರಬಹುದು. ನನಗೆ ಇದರ ಖುಷಿ ಹೇಳತೀರದು.

ತುಮಕೂರಿನಲ್ಲಿ ಈಗ ಓಡುತ್ತಿರುವವರಿಗೆ ನಾನು ಹೇಳೋದಿಷ್ಟು. ಡಿಗ್ರಿ ಮೊದಲ ವರ್ಷವೇ ಎನ್‌ಸಿಸಿ ಸೇರಿ, 'ಸಿ' ಸರ್ಟಿಫಿಕೇಟ್‌ಗೆ ಸಮಯ ಬೇಕು. ವಾರಕ್ಕೆ ಎರಡು ದಿನವಾದರೂ ತೋಳಿಗೆ, ಬೆನ್ನಿಗೆ ಕೆಲಸ ಕೊಡಿ. ರಕ್ತ ಪರೀಕ್ಷೆ ಮಾಡಿಸಿ. ವಯಸ್ಸು 25 ದಾಟುವ ಮುಂಚೆ ಸೇರಬೇಕಾದ್ದರಿಂದ ಮುಂದಿನ ವರ್ಷ ನೋಡೋಣ ಅನ್ನಬೇಡಿ. ಸಿಡಿಎಸ್ ವರ್ಷಕ್ಕೆ ಎರಡು ಸಲ ನಡೆಯುತ್ತೆ, ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಇಲ್ಲ.