1914ರ ಜುಲೈ ತಿಂಗಳನ್ನು ನಾನು ಪಾಠ ಮಾಡುವ ಬಗೆ

ಮೊದಲನೆಯ ಮಹಾಯುದ್ಧಕ್ಕೆ ನಾಯಕರು ಕಾರಣರೋ ಅಂದಿನ ಯುರೋಪಿನ ವ್ಯವಸ್ಥೆ ಕಾರಣವೋ ಎಂದು ಕೇಳಿದರೆ, ಪದವಿ ತರಗತಿಯ ವಿದ್ಯಾರ್ಥಿಗಳು ಮೈತ್ರಿಕೂಟ, ಶಸ್ತ್ರಾಸ್ತ್ರ ಪೈಪೋಟಿ, ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ ಎಂದು ಒಪ್ಪಿಸುತ್ತಾರೆ. ಇವು ಸುಳ್ಳಲ್ಲ, ಆದರೆ 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡಾಗಲೂ, 1912–13ರ ಬಾಲ್ಕನ್ ಯುದ್ಧಗಳ ಕಾಲದಲ್ಲೂ ಇವೆಲ್ಲ ಇದ್ದವು, ಮಹಾಯುದ್ಧ ಮಾತ್ರ ನಡೆಯಲಿಲ್ಲ. ಆದ್ದರಿಂದ ನಾನು ದಿನಾಂಕಗಳನ್ನು ಹಿಡಿದು ಪಾಠ ಮಾಡತೊಡಗಿದೆ. ಪ್ರತಿ ನಿರ್ಧಾರದ ಮುಂದೆಯೂ ವಿದ್ಯಾರ್ಥಿಗಳು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ಆ ಸ್ಥಾನದಲ್ಲಿ ಬೇರೊಬ್ಬರಿದ್ದಿದ್ದರೆ ಬೇರೆ ನಿರ್ಧಾರ ಸಾಧ್ಯವಿತ್ತೇ?

ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನ ಹತ್ಯೆಯಾದ ಬಳಿಕ, ಜುಲೈ 5ರಂದು ಪಾಟ್ಸ್‌ಡ್ಯಾಮಿನಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೇ ವಿಲ್ಹೆಲ್ಮ್, ಸರ್ಬಿಯಾದ ವಿರುದ್ಧ ಆಸ್ಟ್ರಿಯಾ ಕೈಗೊಳ್ಳುವ ಕ್ರಮಕ್ಕೆ ಜರ್ಮನಿಯ ಬೆಂಬಲವಿದೆಯೆಂದು ಮಾತು ಕೊಟ್ಟನು. ಅಂದು ಯಾವ ಸೈನ್ಯವೂ ಗಡಿಯತ್ತ ಹೊರಟಿರಲಿಲ್ಲ, ಯಾವ ಗಡುವೂ ಅವನ ಕೈ ಕಟ್ಟಿರಲಿಲ್ಲ. ಇಲ್ಲಿ ವ್ಯಕ್ತಿಯ ಹೊಣೆಯೇ ಹಿರಿದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ತಿಂಗಳ ಕೊನೆಗೆ ಚಿತ್ರ ಬದಲಾಗುತ್ತದೆ. ಜುಲೈ 29ರ ರಾತ್ರಿ ಸಂಪೂರ್ಣ ಸೈನ್ಯ ಜಮಾವಣೆಯ (ಇಡೀ ಸೈನ್ಯವನ್ನು ಯುದ್ಧಕ್ಕೆ ಸಜ್ಜುಗೊಳಿಸುವ) ಆದೇಶವನ್ನು ಹಿಂಪಡೆದ ರಷ್ಯಾದ ಚಕ್ರವರ್ತಿ ತ್ಸಾರ್ ಎರಡನೇ ನಿಕೋಲಸ್, ಆಸ್ಟ್ರಿಯಾದ ವಿರುದ್ಧ ಮಾತ್ರ ನಡೆಸುವ ಭಾಗಶಃ ಜಮಾವಣೆ ಇಡೀ ಯೋಜನೆಯನ್ನೇ ಕೆಡಿಸುತ್ತದೆಂಬ ಸೇನಾಧಿಕಾರಿಗಳ ವಾದವನ್ನು ಬೆಂಬಲಿಸಿದ ವಿದೇಶಾಂಗ ಸಚಿವ ಸಜೋನೊವ್‌ನ ಒತ್ತಾಯಕ್ಕೆ ಮಣಿದು, ಮರುದಿನವೇ ಅದಕ್ಕೆ ಮತ್ತೆ ಒಪ್ಪಿದನು. ಆಗಸ್ಟ್ 1ರಂದು, ಬ್ರಿಟನ್ ತಟಸ್ಥವಾಗಿ ಉಳಿಯಬಹುದೆಂಬ ಆಸೆ ಹುಟ್ಟಿ, ಸೈನ್ಯವನ್ನೆಲ್ಲ ಪೂರ್ವಕ್ಕೆ, ರಷ್ಯಾದ ಕಡೆಗೆ, ತಿರುಗಿಸಲು ವಿಲ್ಹೆಲ್ಮ್ ಹೇಳಿದಾಗ, ಲಕ್ಷಾಂತರ ಸೈನಿಕರ ನಿಯೋಜನೆಯನ್ನು ನಿಂತ ಕಾಲಿನಲ್ಲಿ ಬದಲಿಸಲಾಗದೆಂದು ಸೇನಾ ಮುಖ್ಯಸ್ಥ ಮೋಲ್ಟ್ಕೆ ಉತ್ತರಿಸಿದನು. ಆ ಆಸೆ ತಪ್ಪುಗ್ರಹಿಕೆಯಿಂದ ಹುಟ್ಟಿದ್ದೆಂದು ಅದೇ ರಾತ್ರಿ ತಿಳಿಯಿತು.

ಇಲ್ಲಿಗೆ ಬಂದಾಗ ತರಗತಿ ವ್ಯವಸ್ಥೆಯ ಕಡೆಗೆ ವಾಲುತ್ತದೆ. ಆಗ ನಾನು 1913ಕ್ಕೆ ಹಿಂದಿರುಗುತ್ತೇನೆ. ಪೂರ್ವದ ಗಡಿಗೆ ಮಾತ್ರ ಸೈನ್ಯ ನಡೆಸುವ ಪ್ರತ್ಯೇಕ ಯೋಜನೆಯನ್ನು ಜರ್ಮನಿ ಅಲ್ಲಿಯವರೆಗೆ ಪ್ರತಿವರ್ಷ ಪರಿಷ್ಕರಿಸುತ್ತಿತ್ತು. ಅದನ್ನು ಕೈಬಿಟ್ಟದ್ದು ಇದೇ ಮೋಲ್ಟ್ಕೆಯ ಕಾಲದಲ್ಲಿ. ಹಾಗಾದರೆ ಆಗಸ್ಟ್ 1ರ ಅಸಹಾಯಕತೆಯನ್ನು ವ್ಯಕ್ತಿಯ ಲೆಕ್ಕಕ್ಕೆ ಹಾಕಬೇಕೇ? ವಿದ್ಯಾರ್ಥಿಗಳು ಅತಿ ಹೆಚ್ಚು ವಾದಿಸುವುದು ಇಲ್ಲಿಯೇ, ಆ ವಾದಕ್ಕೆ ನಾನು ಬೇಕಾದಷ್ಟು ಸಮಯ ಕೊಡುತ್ತೇನೆ. ನನ್ನ ಮಟ್ಟಿಗೆ, ಅದನ್ನು ವ್ಯವಸ್ಥೆಯ ಅಂಕಣದಲ್ಲಿಯೇ ಬರೆಯುತ್ತೇನೆ: ಸೈನ್ಯ ನೇರವಾಗಿ ಕೈಸರನ ಅಧೀನದಲ್ಲಿದ್ದ ಆ ರಾಜ್ಯದಲ್ಲಿ, ಮೋಲ್ಟ್ಕೆಯ ಜಾಗದಲ್ಲಿ ಯಾರಿದ್ದರೂ ಇಂಥ ಯೋಜನೆಗೆ ಚಾನ್ಸಲರನ ಅಥವಾ ಸಂಸತ್ತಿನ ಒಪ್ಪಿಗೆ ಕೇಳಬೇಕಾಗಿರಲಿಲ್ಲ.