ಮಕ್ಕಳ ಕೈಯಿಂದಲೇ ಮಣ್ಣೆತ್ತು ಮಾಡಿಸುವುದು ಹೇಗೆ

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಉತ್ತರ ಕರ್ನಾಟಕದ ಮನೆಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಣ್ಣಿನ ಒಂದು ಜೋಡೆತ್ತು, ಅವುಗಳ ಮುಂದೆ ಗೋದಲಿ (ಮೇವು ಹಾಕುವ ತೊಟ್ಟಿ), ಪೂಜೆ, ಹೋಳಿಗೆ. ಈಗ ಬಹಳ ಕಡೆ ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಎತ್ತುಗಳನ್ನು ಸಂತೆಯಿಂದ ಕೊಂಡು ತರುವುದೇ ರೂಢಿ. ಪೂಜೆಗೆ ಅದರಿಂದ ಕೊರತೆಯಿಲ್ಲ. ಕೊರತೆ ಆಗುವುದು ಮಕ್ಕಳ ಕೈಗೆ. ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು ಬರೆಸುವುದರಿಂದಲ್ಲ, ಅದಕ್ಕೂ ಮೊದಲು ಹಿಸುಕಿ, ಚಿವುಟಿ, ಹೊಸೆದು ಮಾಡುವ ಕೆಲಸದಿಂದ. ಈ ಮೂರೂ ಒಂದು ಮಣ್ಣೆತ್ತಿನಲ್ಲಿ ಇವೆ. ಮಣ್ಣು ಹದ ಮಾಡುವುದು ದೊಡ್ಡವರ ಕೆಲಸ, ಎತ್ತು ಮಾಡುವುದು ಮಗುವಿನ ಕೆಲಸ. ಮುಂದೆ ಹೇಳುವುದೆಲ್ಲ ಈ ಹಂಚಿಕೆಯ ಮೇಲೆಯೇ ನಿಂತಿದೆ.

ಮಣ್ಣು ತರುವುದು, ಹದ ಮಾಡುವುದು

ಉತ್ತರ ಕರ್ನಾಟಕದ ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದು ಇದಕ್ಕೇ. ಎತ್ತಿನ ಬೆನ್ನು ಬಿರಿಯುವುದಕ್ಕೂ ಕಾರಣ ಇದೇ. ಆದ್ದರಿಂದ ಬರೀ ಎರೆಮಣ್ಣಿನಲ್ಲಿ ಕೆಲಸ ಮಾಡಿಸಬೇಡಿ, ಮರಳು ಬೆರೆಸಿ.

ಔಷಧಿ ಹೊಡೆದ ಹೊಲದ ಮೇಲ್ಮಣ್ಣು, ಜನ ಓಡಾಡುವ ದಾರಿ ಬದಿಯ ಮಣ್ಣು ಬೇಡ. ಕೆರೆಯಂಗಳದಿಂದ, ಇಲ್ಲವೆ ಒಂದಡಿ ಅಗೆದು ಕೆಳಗಿನ ಮಣ್ಣು ತನ್ನಿ. ಎರಡು ದಿನ ಕಡುಬಿಸಿಲಿಗೆ ಹರವಿ, ಹೆಂಟೆ ಒಡೆದು, ರವೆ ಜರಡಿಯಲ್ಲಿ ಹಿಡಿಯಿರಿ. ಗಾಜಿನ ಚೂರು, ಮುಳ್ಳು, ಬೇರು ಹೋಗುವುದು ಇಲ್ಲಿಯೇ. ಕುಟ್ಟುವಾಗ, ಜರಡಿ ಹಿಡಿಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳು ಹತ್ತಿರ ಇಲ್ಲದಾಗ ಮಾಡಿ ಮುಗಿಸಿ.

200 ಮಿ.ಲೀ. ಹಿಡಿಯುವ ಬಟ್ಟಲಿನಿಂದ 4 ಬಟ್ಟಲು ಮಣ್ಣಿನ ಪುಡಿ, 1 ಬಟ್ಟಲು ಸಣ್ಣ ಮರಳು. ಸುಮಾರು 400 ಮಿ.ಲೀ. ನೀರು ತೆಗೆದಿಟ್ಟುಕೊಳ್ಳಿ, ಆದರೆ ಒಮ್ಮೆಲೇ ಸುರಿಯಬೇಡಿ. ಮುಕ್ಕಾಲು ಪಾಲು ಹಾಕಿ ಕಲಸಿ, ಉಳಿದದ್ದನ್ನು ಚಿಮುಕಿಸುತ್ತ ಬನ್ನಿ. ಮುದ್ದೆ ಮಾಡಿ ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಹದಿನೈದು ನಿಮಿಷ ಚೆನ್ನಾಗಿ ನಾದಿ. ರಾತ್ರಿ ನೆನೆಯದಿದ್ದರೆ ಒಳಗೆ ಒಣ ಕಾಳು ಉಳಿದುಬಿಡುತ್ತದೆ. ಮಗುವಿನ ಬೆರಳಿಗೆ ಅದೇ ಮೊದಲು ಸಿಗುತ್ತದೆ, ಅಲ್ಲಿಂದಲೇ ಬಿರುಕೂ ಶುರುವಾಗುತ್ತದೆ. ಈ ಅಳತೆಗೆ ಒಂದೂವರೆ ಕೆ.ಜಿ. ಹತ್ತಿರ ಹದಮಣ್ಣು ಸಿಗುತ್ತದೆ. ಜೋಡೆತ್ತಿಗೆ 850 ಗ್ರಾಂ, ಗೋದಲಿಗೆ 150 ಗ್ರಾಂ ಸಾಕು. ಉಳಿದದ್ದು ಕೆಡಿಸಲಿಕ್ಕೆ. ಕೆಡಿಸಲು ಮಣ್ಣಿಲ್ಲದಿದ್ದರೆ ಮಗು ಹೆದರಿ ಹೆದರಿ ಮಾಡುತ್ತದೆ.

ಹದ ನೋಡಲು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಬಿರಿದರೆ ನೀರು ಸಾಲದು, ಇಲ್ಲವೆ ಮರಳು ಹೆಚ್ಚಾಗಿದೆ. ಅಂಗೈಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಮುದ್ದೆಯನ್ನು ಒಣ ಸಿಮೆಂಟ್ ನೆಲದ ಮೇಲೆ ಹತ್ತು ನಿಮಿಷ ತಟ್ಟಿ ಇಟ್ಟರೆ ನೆಲ ಹೀರಿಕೊಳ್ಳುತ್ತದೆ.

ದಕ್ಷಿಣದ ಕೆಮ್ಮಣ್ಣಿಗೆ ಸಾಮಾನ್ಯವಾಗಿ ಈ ಜಿಗುಟು ಇರುವುದಿಲ್ಲ. ಅಲ್ಲಿಯವರು ಕುಂಬಾರರ ಹತ್ತಿರ ಜೇಡಿಮಣ್ಣು ಕೊಳ್ಳುವುದು ಮೇಲು. ಬೆಂಗಳೂರಿನವರಿಗೆ ಕುಂಬಾರರ ಬಡಾವಣೆಯಾದ ಪಾಟರಿ ಟೌನ್ ಇದೆ. ಪರದೇಶದಲ್ಲಿ ಇರುವವರು ಕ್ರಾಫ್ಟ್ ಅಂಗಡಿಯ ಏರ್‌ ಡ್ರೈ ಕ್ಲೇ (ಸುಡದೆ ಗಾಳಿಗೇ ಗಟ್ಟಿಯಾಗುವ ಮಣ್ಣು) ತಂದರಾಯಿತು, ಅದಕ್ಕೆ ಮರಳು ಬೇಡ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಮಕ್ಕಳ ಕೈಗೆ ಕೊಡಲೇಬೇಡಿ. ಅದು ಗಟ್ಟಿಯಾಗುವಾಗ ಕಾಯುತ್ತದೆ, ದಪ್ಪ ಪದರದೊಳಗೆ ಕೈ ಸಿಕ್ಕಿಕೊಂಡರೆ ಸುಡುತ್ತದೆ.

ಯಾವ ವಯಸ್ಸಿಗೆ ಯಾವ ಎತ್ತು

ಎರಡು ತುಂಬದ ಮಗುವಿಗೆ ಮಣ್ಣು ಬೇಡ, ಏನೇ ಕೊಟ್ಟರೂ ಬಾಯಿಗೆ ಹೋಗುತ್ತದೆ. ಚಪಾತಿ ಹಿಟ್ಟಿನ ಉಂಡೆ ಕೊಡಿ. ಕೆಡದಿರಲೆಂದು ಬಟ್ಟಲುಗಟ್ಟಲೆ ಉಪ್ಪು ಹಾಕಿದ ಆಟದ ಹಿಟ್ಟು ಈ ವಯಸ್ಸಿಗೆ ಸಲ್ಲದು, ನುಂಗಿದರೆ ಅಷ್ಟು ಉಪ್ಪೇ ಅಪಾಯ.

ಎರಡರಿಂದ ಮೂರು ವರ್ಷದ ಮಗು ಎತ್ತು ಮಾಡುವುದಿಲ್ಲ, ಮಣ್ಣನ್ನು ತಟ್ಟುತ್ತದೆ, ಚುಚ್ಚುತ್ತದೆ, ಹರಿಯುತ್ತದೆ. ಅದಕ್ಕೆ ಗೋದಲಿಯ ಮುದ್ದೆ ಕೊಟ್ಟು ಹೆಬ್ಬೆರಳಿನಿಂದ ಗುಳಿ ಮಾಡಲು ಬಿಡಿ. ಮೂರು ದಾಟಿದ ಮೇಲೆ ನೆಲದ ಮೇಲಿಟ್ಟು ಹಾವು ಹೊಸೆಯುವುದು ಬರುತ್ತದೆ. ಎರಡು ಅಂಗೈ ನಡುವೆ ಉಂಡೆ ಕಟ್ಟುವುದು ಅದಕ್ಕಿಂತ ಕಷ್ಟ, ಏಕೆಂದರೆ ಒಂದು ಕೈ ನಿಂತು ಇನ್ನೊಂದು ಕೈ ಸುತ್ತಬೇಕು. ಎರಡು ಕೈಗೂ ಬೇರೆ ಬೇರೆ ಕೆಲಸ ಹಂಚುವ ಈ ಅಭ್ಯಾಸವೇ ಮುಂದೆ ಕತ್ತರಿ ಹಿಡಿಯುವಾಗ, ಗುಂಡಿ ಹಾಕಿಕೊಳ್ಳುವಾಗ ಬೇಕಾಗುವುದು. ಮೂರು ವರ್ಷದ ಸುಮಾರಿಗೆ ಮಕ್ಕಳು ಕಾಗದದ ಮೇಲೆ ವೃತ್ತ ನೋಡಿ ಬರೆಯಬಲ್ಲರು, ನಾಲ್ಕರ ಹೊತ್ತಿಗೆ ಅಧಿಕ ಚಿಹ್ನೆ, ಐದರ ಆಸುಪಾಸಿಗೆ ಚೌಕ, ತ್ರಿಕೋನ. ಮಣ್ಣಿನಲ್ಲಿಯೂ ಇದೇ ಕ್ರಮ: ಮೊದಲು ಉಂಡೆ, ಆಮೇಲೆ ಒಂದರ ಮೇಲೊಂದು ಕೂಡಿಸುವುದು, ಕೊನೆಗೆ ಮೂಲೆ, ಅಂಚು.

ನಾಲ್ಕೈದು ವರ್ಷದವರಿಗೆ ಮಲಗಿದ ಎತ್ತು ಹೇಳಿ ಮಾಡಿಸಿದ್ದು. ಗುಡಿಯ ಬಸವಣ್ಣ ಕೂತಂತೆ. ಕಾಲಿನ ತಾಪತ್ರಯವೇ ಇಲ್ಲ. 250 ಗ್ರಾಂ ಮಣ್ಣನ್ನು ಮೊಟ್ಟೆಯಾಕಾರ ಮಾಡಿ, ಒಂದು ತುದಿಯನ್ನು ಮೇಲಕ್ಕೆ ಎಳೆದರೆ ಕುತ್ತಿಗೆ, ತಲೆ. ಬೆನ್ನಿನ ಮೇಲೆ ಮೂರು ಬೆರಳಿನಲ್ಲಿ ಚಿವುಟಿ ಎತ್ತಿದರೆ ಹಿಣಿಲು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಮಾಡುವ ಆ ಚಿವುಟು ಪೆನ್ಸಿಲ್ ಹಿಡಿತದ ಚಿವುಟೇ. ಅದಕ್ಕೆಂದೇ ಹಿಣಿಲನ್ನು ಬೇರೆ ಉಂಡೆ ಮಾಡಿ ಅಂಟಿಸುವುದಕ್ಕಿಂತ ಮೈಯಿಂದಲೇ ಎಳೆಸಿ.

ನಿಂತ ಎತ್ತು: ಆರು ವರ್ಷ ಮೇಲ್ಪಟ್ಟವರಿಗೆ

ನಾಲ್ಕು ಕಾಲು ಬೇರೆ ಬೇರೆ ಹೊಸೆದು ಹೊಟ್ಟೆಗೆ ಅಂಟಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಎತ್ತು ಮುರಿಯುವುದೂ ಅದರಿಂದಲೇ. ಕಾಲನ್ನು ಮೈಯಲ್ಲೇ ಸೀಳಿ ತೆಗೆದರೆ ಸೇರಿಸುವ ಗೊಡವೆ ಇರುವುದಿಲ್ಲ.

ಸುಮಾರು 340 ಗ್ರಾಂ ಮಣ್ಣನ್ನು 15 ಸೆಂ.ಮೀ. ಉದ್ದ, 4 ಸೆಂ.ಮೀ. ದಪ್ಪದ ಉರುಳೆ ಮಾಡಿಸಿ. ಎರಡೂ ತುದಿಯಿಂದ 4.5 ಸೆಂ.ಮೀ. ಒಳಗೆ ಕಡ್ಡಿಯಿಂದ ಗುರುತು ಹಾಕಿ. ಗಟ್ಟಿ ದಾರವನ್ನು ಎರಡು ಕೈಯಲ್ಲಿ ಬಿಗಿ ಹಿಡಿದು, ತುದಿಯಿಂದ ಗುರುತಿನವರೆಗೆ ಉದ್ದಕ್ಕೆ ಸೀಳಬೇಕು. ಇನ್ನೊಂದು ತುದಿಗೂ ಹಾಗೆಯೇ, ಎರಡು ಸೀಳೂ ಒಂದೇ ಸಾಲಿನಲ್ಲಿ ಇರಲಿ. ಈಗ ನಾಲ್ಕು ಸೀಳುಗಳನ್ನು ಕೆಳಕ್ಕೆ ಬಾಗಿಸಿ, ಅಂಚುಗಳನ್ನು ಉರುಟು ಮಾಡಿದರೆ ನಾಲ್ಕು ಕಾಲು, ನಡುವೆ 6 ಸೆಂ.ಮೀ. ಮೈ. ಬಾಗಿಸಿದ ಕಡೆ ಮೇಲ್ಭಾಗದಲ್ಲಿ ಸಣ್ಣ ಬಿರುಕು ಏಳುತ್ತದೆ, ಒದ್ದೆ ಬೆರಳಿನಿಂದ ಆಗಲೇ ತೀಡಿಬಿಡಬೇಕು. ಕಾಲು ಸಣ್ಣಗೆ, ಚೆಂದಗೆ ಇರಲಿ ಎಂದು ಮಗು ತೀಡುತ್ತ ಹೋಗುತ್ತದೆ. ಒಮ್ಮೆ ಎತ್ತು ಕುಸಿಯಲಿ ಬಿಡಿ. ಭಾರ ಹೊರಬೇಕಾದರೆ ಕಾಲು ದಪ್ಪ ಇರಬೇಕು, ತಲೆ ದೊಡ್ಡದಾದರೆ ಮುಂದಕ್ಕೆ ಮುಗ್ಗರಿಸುತ್ತದೆ ಎಂಬುದು ಹೇಳಿದರೆ ತಲೆಗೆ ಹೋಗುವ ಪಾಠವಲ್ಲ.

ತಲೆಗೆ, ಕುತ್ತಿಗೆಗೆ 80 ಗ್ರಾಂ. ಇದನ್ನು ಅಂಟಿಸಲೇಬೇಕು. ಎರಡೂ ಮುಖಕ್ಕೆ ಕಡ್ಡಿಯಿಂದ ಅಡ್ಡ ಉದ್ದ ಗೀರಿ, ಅದೇ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕದಡಿದ ಕೆಸರು ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸಿ, ಸಂದಿಯ ಸುತ್ತ ತೆಳು ಬತ್ತಿ ಇಟ್ಟು ತೀಡಿ. ಬರೀ ನೀರು ಹಚ್ಚಿ ಒತ್ತಿದರೆ ಆಗ ನಿಲ್ಲುತ್ತದೆ, ಒಣಗಿದ ಮೇಲೆ ಕಳಚುತ್ತದೆ. ಒಂದು ತುಂಡು ಒಣಗುತ್ತಾ ಬಂದು ಇನ್ನೊಂದು ಹಸಿಯಿದ್ದರೂ ಹಾಗೇ: ಹಸಿಯದು ಹೆಚ್ಚು ಕುಗ್ಗಿ ಬಿಟ್ಟುಕೊಳ್ಳುತ್ತದೆ. ಕೊಂಬಿನೊಳಗೆ ಹಂಚಿಕಡ್ಡಿ ಇಡಬಹುದು, ಆದರೆ ಕಡ್ಡಿ ಕುಗ್ಗುವುದಿಲ್ಲ, ಮಣ್ಣು ಕುಗ್ಗುತ್ತದೆ, ಆದ್ದರಿಂದ ಕಡ್ಡಿಯನ್ನು ತುದಿಯವರೆಗೆ ತುರುಕದೆ ಬುಡದಲ್ಲಷ್ಟೇ ಇರಿಸಿ.

ಎಂಟು ಒಂಬತ್ತರ ಮಕ್ಕಳು ಇದ್ದಕ್ಕಿದ್ದಂತೆ ‘ನಂಗ ಬರಂಗಿಲ್ಲ’ ಎಂದು ಕೈಬಿಡುತ್ತಾರೆ. ಕಣ್ಣು ಕೈಗಿಂತ ಮುಂದೆ ಹೋಗಿರುತ್ತದೆ, ಮಾಡಿದ್ದು ನಿಜದ ಎತ್ತಿನಂತಿಲ್ಲ ಎಂದು ಅವರಿಗೇ ಕಾಣುತ್ತದೆ. ಆಗ ಹೊಗಳಿಕೆ ಕೆಲಸಕ್ಕೆ ಬಾರದು, ನೋಡಲು ಏನಾದರೂ ಬೇಕು. ಯಾವ ತಳಿಯ ಎತ್ತು ಎಂದು ಆರಿಸಿಕೊಳ್ಳಲು ಹೇಳಿ. ಹಳ್ಳಿಕಾರದ ಕೊಂಬು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ನೇರ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತದೆ. ಖಿಲಾರಿಯದು ಉದ್ದ, ಬಿಲ್ಲಿನ ಹಾಗೆ ಹಿಂದಕ್ಕೆ ಹೋಗಿ ಮೇಲೇಳುತ್ತದೆ. ಕೃಷ್ಣಾ ತೀರದ ತಳಿ ಮೈದುಂಬಿದ್ದು, ಕೊಂಬು ಗಿಡ್ಡ. ದೇವಣಿಯ ಮೈಮೇಲೆ ಕಪ್ಪು ಬಿಳಿ ಮಚ್ಚೆ, ಕಿವಿ ಜೋಲು. ಕಾರಹುಣ್ಣಿಮೆಯಲ್ಲಿ ಸಿಂಗರಿಸಿದ ಎತ್ತುಗಳನ್ನು ಹತ್ತಿರದಿಂದ ನೋಡಿ ಬಂದ ಮಗುವಿಗೆ ಗಂಗೆದೊಗಲು (ಕುತ್ತಿಗೆಯ ಕೆಳಗೆ ಜೋಲುವ ಚರ್ಮ), ಗೊರಸು, ಮೂಗುದಾರ, ಕೊಂಬಣಸು (ಕೊಂಬಿನ ತುದಿಯ ಲೋಹದ ತೊಡಿಗೆ), ಜೂಲ (ಬೆನ್ನ ಮೇಲೆ ಹೊದಿಸುವ ಬಟ್ಟೆ) ಎಂದು ಹೆಸರು ಹಿಡಿದು ಕೇಳಿ. ಹೆಸರು ಗೊತ್ತಾದ ಭಾಗ ಮಣ್ಣಿನಲ್ಲಿ ಬರುತ್ತದೆ.

ಕೈ ಹಾಕಬಾರದ ಜಾಗ

ತಲೆ ಬೀಳುತ್ತಿದ್ದರೆ ಹಿಡಿದುಕೊಳ್ಳಿ, ಸಂದಿ ಬಿಟ್ಟಿದ್ದರೆ ಕೆಸರು ಹಚ್ಚಲು ನೆನಪಿಸಿ. ಸೊಟ್ಟ ಮೂತಿಯನ್ನು ಮಾತ್ರ ನೇರ ಮಾಡಲು ಹೋಗಬೇಡಿ. ತೋರಿಸಬೇಕೆನಿಸಿದರೆ ಪಕ್ಕದಲ್ಲಿ ಕೂತು ನಿಮ್ಮದೇ ಒಂದು ಎತ್ತು ಮಾಡಿ. ನಿಮ್ಮ ಎತ್ತು ಜಗುಲಿಗೂ ಮಗುವಿನ ಎತ್ತು ಮೂಲೆಗೂ ಹೋದರೆ ಮುಂದಿನ ವರ್ಷ ಮಗು ಮಣ್ಣು ಮುಟ್ಟುವುದಿಲ್ಲ. ಕಾಲು ಮುರಿದ ಎತ್ತಿಗೂ ಈ ಹಬ್ಬದಲ್ಲಿ ಜಾಗ ಇದೆ. ಕೆಲವು ಊರುಗಳಲ್ಲಿ ಮಕ್ಕಳು ಕುಂಟೆತ್ತನ್ನೇ ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ.

ನೀರಿನ ಬಟ್ಟಲನ್ನು ಮಗುವಿನ ಮುಂದೆ ಇಡಬೇಡಿ. ನುಣುಪು ಮಾಡುವ ಖುಷಿಗೆ ಸವರಿ ಸವರಿ ಎತ್ತು ಕೆಸರಾಗುತ್ತದೆ. ಒದ್ದೆ ಬಟ್ಟೆಯ ತುಂಡು ಕೊಡಿ, ಬೆರಳು ಅದಕ್ಕೆ ಒತ್ತಿಕೊಂಡರೆ ಸಾಕು. ಒಂದು ಕೂತ ಕೆಲಸ ಚಿಕ್ಕವರಿಗೆ ಇಪ್ಪತ್ತು ನಿಮಿಷ, ದೊಡ್ಡವರಿಗೆ ಮುಕ್ಕಾಲು ಗಂಟೆ. ಮುಗಿಯದಿದ್ದರೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ನಾಳೆಗೆ ಇಡಬಹುದು.

ಕಣ್ಣಿಗೆ ಗುಲಗಂಜಿ ಇಡುವ ಪದ್ಧತಿ ಬಿಡಿ. ಕೆಂಪು ಕಪ್ಪು ಬೀಜ ಎತ್ತಿಗೆ ಒಪ್ಪುತ್ತದೆ ನಿಜ, ಆದರೆ ಜಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಔಡಲ ಬೀಜವೂ ಹಾಗೆಯೇ. ಜೋಳದ ಕಾಳೋ ಕುಸುಬೆಯೋ ಸಾಕು. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಕಾಳೂ ಬೇಡ, ಕಡ್ಡಿಯಿಂದ ಚುಚ್ಚಿದ ಗುಳಿಯೇ ಕಣ್ಣು.

ಒಣಗಿಸುವುದು, ಬಣ್ಣ

ಬಿಸಿಲಿಗೆ ಇಡಬೇಡಿ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಅದನ್ನು ತಡೆಯುತ್ತದೆ, ಮೇಲ್ಮೈ ಸೀಳುತ್ತದೆ. ನೆರಳಿನಲ್ಲಿ, ಹಳೆ ಪೇಪರಿನ ಮೇಲೆ, ಬುಟ್ಟಿ ಬೋರಲು ಹಾಕಿ ಇಡಿ. ಕೊಂಬು, ಕಿವಿ ತೆಳು, ಮೊದಲು ಒಣಗಿ ಉದುರುತ್ತವೆ. ಮೊದಲ ದಿನ ಅವಕ್ಕೆ ಒದ್ದೆ ಅರಿವೆಯ ಚೂರು ಸುತ್ತಿ. ಹೊಟ್ಟೆಯ ಕೆಳಗಿನಿಂದ ಹೆಬ್ಬೆರಳು ಹಾಕಿ ಒಂದಿಷ್ಟು ಮಣ್ಣು ತೆಗೆದಿದ್ದರೆ ಮೈ ಬೇಗ, ಸಮನಾಗಿ ಒಣಗುತ್ತದೆ. ಗಾಳಿಯಾಡುವ ದಿನಗಳಲ್ಲಿ ಮೂರ್ನಾಲ್ಕು ದಿನ, ಜಡಿಮಳೆಯಲ್ಲಿ ವಾರ ಮೀರಬಹುದು. ಕೆನ್ನೆಗೆ ಮುಟ್ಟಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ ಇದೆ. ಅಮಾವಾಸ್ಯೆಗೆ ಬೇಕಾದರೆ ಒಂದು ವಾರ ಮೊದಲೇ ಶುರು ಮಾಡಿ. ಒಣಗುವಾಗ ಕಂಡ ಸಣ್ಣ ಬಿರುಕಿಗೆ ಕೆಸರಿಗೆ ಚೂರು ಹತ್ತಿ ಕಲಸಿ ತುಂಬಬಹುದು. ಎರಡು ಮಿ.ಮೀ.ಗಿಂತ ಅಗಲವಾದರೆ ತುಂಬಿದ್ದೂ ಉದುರುತ್ತದೆ.

ಸುಡದ ಮಣ್ಣಿಗೆ ನೀರಿನ ಬಣ್ಣ ಹಚ್ಚಿದರೆ ಕುಂಚದ ತುದಿಗೆ ಮಣ್ಣೇ ಕರಗಿ ಬರುತ್ತದೆ. ಮೊದಲು ಅಕ್ಕಿಹಿಟ್ಟಿನ ತೆಳು ಗಂಜಿ ಒಂದು ಕೈ ಬಳಿದು ಒಣಗಿಸಿ, ಆಮೇಲೆ ಬಣ್ಣ. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಇದ್ದಿಲು, ಹಳದಿಗೆ ಅರಿಶಿನ. ಅರಿಶಿನಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮಗುವಿನ ಕಣ್ಣೆದುರೇ ಕೆಂಪಾಗುತ್ತದೆ, ನಿಂಬೆರಸ ಬಿದ್ದರೆ ಮತ್ತೆ ಹಳದಿ. ಇದಕ್ಕೆ ಸುಣ್ಣ ಬಳಸುವುದುಂಟು, ಆದರೆ ಸುಣ್ಣ ಕಣ್ಣಿಗೆ ಹಾರಿದರೆ ಅನಾಹುತ. ಸಿಂಧೂರದಲ್ಲಿ, ಅಟ್ಟದ ಮೇಲೆ ಉಳಿದ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು, ಅವೆರಡೂ ಬೇಡ. ಕೆಲಸ ಮುಗಿದ ಮೇಲೆ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳ ಕೈಯನ್ನು ಸೋಪಿನಿಂದ, ಉಗುರಿನ ಸಂದಿ ಸಹಿತ ತೊಳೆಸಿ.

ಪೂಜೆ ಮುಗಿದ ಎತ್ತನ್ನು ಬಕೆಟ್ ನೀರಿನಲ್ಲಿ ವಿಸರ್ಜಿಸಿದರೆ ಮಣ್ಣು ಪೂರ್ತಿ ವಾಪಸ್ ಸಿಗುತ್ತದೆ. ಚೆನ್ನಾಗಿ ಒಣಗಿದ ಎತ್ತು ನೀರಿಗೆ ಬಿದ್ದ ಕೂಡಲೇ ಗುಳ್ಳೆ ಬಿಡುತ್ತ ಪುಡಿಪುಡಿಯಾಗಿ ಕುಸಿಯುತ್ತದೆ. ಅರೆಹಸಿಯದು ಗಂಟೆಗಟ್ಟಲೆ ಗಟ್ಟಿಯಾಗಿಯೇ ಕೂತಿರುತ್ತದೆ, ಆದ್ದರಿಂದ ಮುರಿದ ತುಂಡುಗಳನ್ನು ಮೊದಲು ಒಣಗಿಸಿ ಆಮೇಲೆ ನೆನೆಹಾಕಿ. ಮೇಲಿನ ನೀರು ಬಸಿದು, ಕೆಳಗಿನ ಕೆಸರನ್ನು ಗೋಣಿಚೀಲದ ಮೇಲೆ ಹರವಿ, ಕೈಗೆ ಅಂಟದ ಹದಕ್ಕೆ ಬಂದಾಗ ನಾದಿ ಡಬ್ಬಿಗೆ ತುಂಬಿಡಿ. ಅಮಾವಾಸ್ಯೆಯ ಮರುದಿನದಿಂದಲೇ ಆಷಾಢ. ಆ ತಿಂಗಳ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವನಿಗೆ ಈ ಮಣ್ಣೇ ಆಗುತ್ತದೆ.