ದೂರಶಿಕ್ಷಣದಲ್ಲಿ ಓದುವ ಹೈಸ್ಕೂಲ್ ಮಕ್ಕಳಿಗೆ: ನಿಮ್ಮ ಹವ್ಯಾಸ ಇನ್ನೊಬ್ಬರ ಕೆಲಸಕ್ಕೆ ಬರಬೇಕಾದರೆ

ಮನೆಯಲ್ಲೇ ಕೂತು ಓದುವವರಿಗೆ ಸಮಯ ಇರುತ್ತದೆ, ಗಂಟೆ ಬಾರಿಸುವವರು ಇರುವುದಿಲ್ಲ. ಹವ್ಯಾಸದ ಕೆಲಸ ಕೆಡುವುದು ಇಲ್ಲೇ. ಮೊದಲ ವಾರ ದಿನಕ್ಕೆ ಐದು ಗಂಟೆ ಅದರಲ್ಲೇ ಮುಳುಗಿರುತ್ತೀರಿ, ಮೂರನೇ ವಾರಕ್ಕೆ ಅಸೈನ್‌ಮೆಂಟ್ ಬಾಕಿ ಬೀಳುತ್ತದೆ, ಆಮೇಲೆ ಎರಡೂ ಕೈಬಿಟ್ಟು ಹೋಗುತ್ತವೆ. ಆದ್ದರಿಂದ ಮೊದಲು ಕ್ಯಾಲೆಂಡರ್ ತೆಗೆಯಿರಿ. ಪರೀಕ್ಷೆ ಮತ್ತು ಅಸೈನ್‌ಮೆಂಟ್ ದಿನಾಂಕಗಳನ್ನು ಬರೆದುಕೊಳ್ಳಿ. ಪರೀಕ್ಷೆಗೆ ಮುಂಚಿನ ಮೂರು ವಾರಗಳನ್ನು ಅಡ್ಡಗೆರೆ ಎಳೆದು ಮುಚ್ಚಿ. ಉಳಿದ ವಾರಗಳಲ್ಲಿ ಎರಡೆರಡು ಗಂಟೆಯ ಎರಡು ಅವಧಿ ಸಾಕು. ಪ್ರತಿ ವಾರವೂ ಅದೇ ದಿನ, ಅದೇ ಹೊತ್ತು ಇರಲಿ.

ಇನ್ನು ಏನು ಮಾಡುವುದು ಎಂಬ ಪ್ರಶ್ನೆ. ನಿಮಗೆ ಏನಿಷ್ಟ ಎಂಬುದು ಗೊತ್ತೇ ಇದೆ. ಗೊತ್ತಿಲ್ಲದ್ದು, ಯಾರ ಯಾವ ಕೆಲಸ ನಿಂತುಹೋಗಿದೆ ಎಂಬುದು. ಅದನ್ನು ಕೇಳಿಯೇ ತಿಳಿಯಬೇಕು. "ನಾನು ಸಹಾಯ ಮಾಡಲೇ?" ಎಂದು ಕೇಳಿದರೆ "ಆಗಲಿ ನೋಡೋಣ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ದೃಷ್ಟಿ ಇಲ್ಲದ ವಿದ್ಯಾರ್ಥಿಯಾದರೆ, "ನಾಲ್ಕು ವಾರದಲ್ಲಿ ಒಂದು ಪಾಠ ಓದಿ ರೆಕಾರ್ಡ್ ಮಾಡಿಕೊಡುತ್ತೇನೆ, ಯಾವ ಪಾಠ ಬೇಕು?" ಎಂದು ಕೇಳಿ. ನಕ್ಷೆಯ ಹುಚ್ಚಿದ್ದವರಿಗೆ 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ಉಚಿತ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಉಪಗ್ರಹ ಚಿತ್ರ ನೋಡಿ ರಸ್ತೆ, ಮನೆಗಳನ್ನು ಗುರುತಿಸುವ ಕೆಲಸವನ್ನು ಅದರ ಮಾನವೀಯ ನೆರವಿನ ತಂಡ ಸಣ್ಣ ಚೌಕಗಳಾಗಿ ಹಂಚಿಟ್ಟಿರುತ್ತದೆ. ಒಂದು ಚೌಕ ಹಿಡಿದು ಮುಗಿಸಿದರೆ ಒಂದು ಕೆಲಸ ಮುಗಿದ ಲೆಕ್ಕ.

ಓದಿ ಹೇಳುವುದು ಇಷ್ಟವಿರುವವರಿಗೆ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗಾಗಿ ಪಠ್ಯ ರೆಕಾರ್ಡ್ ಮಾಡುವಂಥ ಕೆಲಸ ಇನ್ನೊಂದಿಲ್ಲ. ಓದಿದ ಪಾಠ ನಿಮ್ಮ ತಲೆಯಲ್ಲೂ ಉಳಿಯುತ್ತದೆ. ಆದರೆ ಇದು ಸುಲಭ ಎಂದುಕೊಂಡೇ ಹೆಚ್ಚಿನವರು ಕೆಡಿಸುತ್ತಾರೆ.

ಕೋಣೆಯಿಂದ ಶುರುಮಾಡಿ. ಖಾಲಿ ಗೋಡೆಯ ಕೋಣೆಯಲ್ಲಿ ದನಿ ಗುಂಯ್‌ಗುಡುತ್ತದೆ, ಆ ಗುಂಯ್ ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ಹೋಗುವುದಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಕೂತುಕೊಳ್ಳಿ, ಬೆನ್ನ ಹಿಂದೆ ಒಂದು ದಪ್ಪ ಕಂಬಳಿ ನೇತುಹಾಕಿ. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದುಬಾರಿ ಮೈಕ್ ಬೇಡ, ಫೋನಿನ ಮೈಕ್ ಸಾಕು. ಬಾಯಿಂದ 15ರಿಂದ 20 ಸೆಂ.ಮೀ. ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಇಡಿ. ಎದುರಿಗೇ ಇಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿದು "ಧಪ್" ಎನ್ನುತ್ತದೆ.

ದನಿ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಆಡಾಸಿಟಿ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿಗೆ ಹಾಕಿಕೊಂಡು ಅದರಲ್ಲಿ ತೆರೆಯಿರಿ. ಸೆಟ್ಟಿಂಗ್‌ನಲ್ಲಿ ಮೋನೋ (ಒಂದೇ ಚಾನೆಲ್), ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಸ್ ಸಾಕು. ಜೋರಾಗಿ ಓದಿದ ಜಾಗದಲ್ಲೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. ಸೊನ್ನೆ ಮುಟ್ಟಿದರೆ ಅಲೆಯ ತುದಿಯೇ ಕತ್ತರಿಸಿ ದನಿ ಒಡೆಯುತ್ತದೆ. ಅಂಥದ್ದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಮತ್ತೆ ಓದುವುದೇ ಬೇಗ. ರೆಕಾರ್ಡಿಂಗ್ ಶುರುಮಾಡಿ ಓದುವ ಮೊದಲು ಐದು ಸೆಕೆಂಡ್ ಸುಮ್ಮನಿರಿ, ಆ ಮೌನವೇ ಮುಂದೆ ಹಿನ್ನೆಲೆಯ ಗದ್ದಲ ತೆಗೆಯಲು ಮಾದರಿ. ಗದ್ದಲ ತೆಗೆಯುವಾಗ ಕೈ ಬಿಗಿಹಿಡಿಯಿರಿ, ಅತಿಯಾದರೆ ನೀರೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ತಪ್ಪಿದಾಗ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಮ್ಮೆ ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಓದಿ. ಪರದೆಯ ಮೇಲೆ ಚಪ್ಪಾಳೆ ಚೂಪು ಮುಳ್ಳಿನಂತೆ ಎದ್ದು ಕಾಣುತ್ತದೆ, ಕತ್ತರಿಸಬೇಕಾದ ಜಾಗ ಹುಡುಕುವ ಪಾಡಿಲ್ಲ. ಹೊಸಬರಿಗೆ ಒಂದು ಗಂಟೆಯ ಆಡಿಯೋ ತಯಾರಾಗಲು ಮೂರು ನಾಲ್ಕು ಗಂಟೆ ಬೇಕು, ಅದನ್ನು ಲೆಕ್ಕ ಹಾಕಿಯೇ ಮಾತು ಕೊಡಿ.

ಪಠ್ಯಪುಸ್ತಕವನ್ನು ಕಥೆಯ ಹಾಗೆ ಓದುವಂತಿಲ್ಲ. ಪುಟ ಬದಲಾದಾಗಲೆಲ್ಲ ಪುಟಸಂಖ್ಯೆ ಹೇಳಿ, "46ನೇ ಪುಟ ತೆಗೆಯಿರಿ" ಎಂದು ಮೇಷ್ಟ್ರು ಹೇಳಿದಾಗ ಕೇಳುಗರಿಗೆ ಬೇರೆ ದಾರಿ ಇಲ್ಲ. ಗ್ರಾಫ್ ಬಂದರೆ ಮೊದಲು ಶೀರ್ಷಿಕೆ, ಆಮೇಲೆ ಅಡ್ಡ ಅಕ್ಷದಲ್ಲಿ ಏನಿದೆ, ಲಂಬ ಅಕ್ಷದಲ್ಲಿ ಏನಿದೆ, ಕೊನೆಗೆ ಗೆರೆ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ. ಚಿತ್ರದ ಬಗ್ಗೆ ನಿಮ್ಮ ಅಭಿಪ್ರಾಯ ಬೇಡ. ಅತಿ ಹೆಚ್ಚು ಎಡವಟ್ಟಾಗುವುದು ಸೂತ್ರಗಳಲ್ಲಿ. "ಎ ಪ್ಲಸ್ ಬಿ ಬೈ ಸಿ" ಎಂದರೆ ಭಾಗಿಸಬೇಕಾದ್ದು ಬಿ ಮಾತ್ರವೋ, ಇಡೀ ಮೊತ್ತವೋ? "ಬ್ರಾಕೆಟ್ ಶುರು, ಎ ಪ್ಲಸ್ ಬಿ, ಬ್ರಾಕೆಟ್ ಮುಗಿಯಿತು, ಇಡಿಯಾಗಿ ಬೈ ಸಿ" ಎಂದು ಬಿಡಿಸಿ ಹೇಳಿ. ಮೊದಲ ಐದು ನಿಮಿಷದ ತುಣುಕನ್ನು ಕೇಳುವ ವಿದ್ಯಾರ್ಥಿಗೇ ಕಳಿಸಿ, ಅವರು ಸರಿ ಎಂದ ಮೇಲೆ ಮುಂದುವರಿಯಿರಿ. ಕೆಲವರು ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ, ಹಾಗಾಗಿ ನಾಟಕೀಯ ಏರಿಳಿತಕ್ಕಿಂತ ಸ್ಪಷ್ಟ ಉಚ್ಚಾರ ಮುಖ್ಯ.

ಹಕ್ಕುಸ್ವಾಮ್ಯ ಮರೆಯಬೇಡಿ. ದೃಷ್ಟಿಹೀನರಿಗಾಗಿ ಪುಸ್ತಕದ ಪ್ರತಿ ಮಾಡಲು 2013ರ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದ ದಾರಿ ಮಾಡಿಕೊಟ್ಟಿದೆ, 2016ರಲ್ಲಿ ಜಾರಿಗೂ ಬಂದಿದೆ. ಆದರೆ ಅದು ನಡೆಯುವುದು ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಅಲ್ಲಿನ ಕಾನೂನಿನ ಪ್ರಕಾರ, ಮುಖ್ಯವಾಗಿ ಮಾನ್ಯತೆಯಿರುವ ಗ್ರಂಥಾಲಯ ಅಥವಾ ಸಂಸ್ಥೆಗಳ ಮೂಲಕ. ಅಂಥದ್ದೊಂದರ ಜೊತೆ ಸೇರಿಯೇ ಮಾಡಿ, ಎಲ್ಲರಿಗೂ ಸಿಗುವಂತೆ ಯೂಟ್ಯೂಬ್‌ಗೆ ಏರಿಸಬೇಡಿ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದರೆ 2005ರಿಂದ ನಡೆಯುತ್ತಿರುವ, ಸ್ವಯಂಸೇವಕರು ಓದಿದ ಪುಸ್ತಕಗಳ ಉಚಿತ ತಾಣ ಲಿಬ್ರಿವಾಕ್ಸ್ ಇದೆ. ಅಲ್ಲಿ ಮೊದಲು ಒಂದು ನಿಮಿಷದ ಪರೀಕ್ಷಾ ರೆಕಾರ್ಡಿಂಗ್ ಕಳಿಸಿದರೆ ಏನು ಸರಿಮಾಡಬೇಕೆಂದು ಹೇಳುತ್ತಾರೆ.

ನೀವು 18 ದಾಟಿಲ್ಲದಿದ್ದರೆ ಖಾತೆ ತೆರೆಯುವ ಮುಂಚೆ ಮನೆಯವರಿಗೆ ತಿಳಿಸಿ. ಸ್ವಂತ ನಂಬರ್, ಮನೆ ವಿಳಾಸ ಕೊಡಬೇಡಿ. ಮಾತುಕತೆ ಒಬ್ಬ ದೊಡ್ಡವರಿರುವ ಗುಂಪಿನಲ್ಲೇ ನಡೆಯಲಿ. ಹಣ ಸಂಗ್ರಹಕ್ಕೆ ಕೈಹಾಕಲೇಬೇಡಿ.

ಒಂದು ಹಾಳೆಯಲ್ಲಿ ದಿನಾಂಕ, ಎಷ್ಟು ಗಂಟೆ, ಯಾವ ಪುಟದಿಂದ ಯಾವ ಪುಟ, ಸಂಸ್ಥೆಯ ಮೇಲ್ವಿಚಾರಕರ ಸಹಿ ಎಂದು ನಾಲ್ಕು ಕಾಲಂ ಹಾಕಿ ಅದೇ ದಿನ ತುಂಬಿ. ತಿಂಗಳ ಕೊನೆಗೆ ನೆನಪಿನಿಂದ ತುಂಬಿದ್ದಕ್ಕೆ ಯಾರೂ ಸಹಿ ಹಾಕುವುದಿಲ್ಲ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುವುದು ಈ ಹಾಳೆಯೇ. ಫೈಲ್‌ಗಳಿಗೆ 01, 02 ಎಂದೇ ಹೆಸರಿಡಿ, ಬರೀ 1, 2 ಎಂದಿಟ್ಟರೆ ಎಷ್ಟೋ ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬಂದು ಕೂರುತ್ತದೆ. ಪರೀಕ್ಷೆಗೆಂದು ನಿಲ್ಲಿಸುವಾಗ ಯಾವ ಪುಟದವರೆಗೆ ಆಗಿದೆ, ಮತ್ತೆ ಯಾವ ದಿನ ಶುರುಮಾಡುತ್ತೀರಿ ಎಂದು ಎರಡು ಸಾಲು ಬರೆದು ಫೈಲ್‌ಗಳ ಜೊತೆಗೇ ಕಳಿಸಿ.